ಎದುರಾಳಿಯ ಹೊಲ

ಎತ್ತಪ್ಪನಿಗೆ ಸಾಕ್ಷಿ ಇರಲಿಲ್ಲ.

ಲಾಕಪ್ಪಿನ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ಅವನಿಗೆ ಸಬ್ ಇನ್ಸ್‌ಪೆಕ್ಟರ್ ಜಂಪಣ್ಣ ಬೆಳಗಿನಿಂದ ಅದೇ ಪ್ರಶ್ನೆ ಹಾಕುತ್ತಿದ್ದ. ಸೋಮವಾರ ರಾತ್ರಿ ಎಲ್ಲಿದ್ದೆ? ಕುರಿ ಜೊತೆ. ಕುರಿ ಎಲ್ಲಿದ್ದವು? ಒಂದು ಹೊಲದಲ್ಲಿ. ಯಾರ ಹೊಲ? ಅಲ್ಲಿಗೆ ಬಂದಾಗ ಎತ್ತಪ್ಪ ಬಾಯಿ ಮುಚ್ಚುತ್ತಿದ್ದ.

ಆ ರಾತ್ರಿ ಕುರಿ ಮೇಯುವ ಬಿಳಿಗಲ್ಲು ಕಾವಲಿನಲ್ಲಿ ಸೈಟು ವ್ಯಾಪಾರಿ ಚಿತ್ರಲಿಂಗಪ್ಪನ ಶೆಡ್ಡು ಸುಟ್ಟುಹೋಗಿತ್ತು. ಅದರ ಕಾವಲುಗಾರ, ಒಂದು ಕಾಲು ಎಳೆದು ನಡೆಯುವ ಶಿವಯ್ಯ, ತಲೆ ಒಡೆದು ಪಕ್ಕದಲ್ಲೇ ಬಿದ್ದಿದ್ದ. ಗುರುವಾರವಾದರೂ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಅವನಿಗೆ ಪ್ರಜ್ಞೆ ಬಂದಿರಲಿಲ್ಲ.

ಎತ್ತಪ್ಪನ ಮೇಲೆ ಗುಮಾನಿ ಬರಲು ಕಷ್ಟಪಡಬೇಕಾಗಿರಲಿಲ್ಲ. ಹೋದ ವಾರ ಅವನು ಊರವರ ಎದುರಿಗೇ ಕಾವಲಿನ ಸೈಟು ಕಲ್ಲುಗಳನ್ನು ಕಿತ್ತು ಹಳ್ಳಕ್ಕೆ ಎಸೆದಿದ್ದ. ಶೆಡ್ಡನ್ನೂ ಕೀಳುತ್ತೇನೆ ಎಂದಿದ್ದ.

"ನೀನು ಹೇಳದಿದ್ದರೆ ಸಂಜೆ ಬಸ್ಸಿಗೆ ಚಿತ್ರದುರ್ಗದ ಕೋರ್ಟಿಗೆ ಕಳಿಸಬೇಕಾಗುತ್ತೆ" ಎಂದ ಜಂಪಣ್ಣ.

"ಕಳ್ಸಿ ಸ್ವಾಮಿ."

"ಭಾನುವಾರ ಚುನಾವಣೆ. ನೀನು ನಿಂತಿದ್ದೀಯ."

"ಗೊತ್ತೈತೆ." ಎತ್ತಪ್ಪ ನೆಲ ನೋಡಿದ. "ಅನ್ನ ಹಾಕಿದೋರ ಹೆಸರನ್ನ ಠಾಣೆಯಾಗೆ ಹೇಳಾಕಾಗಲ್ಲ."

ಅಷ್ಟು ಹೇಳಿ ಹೆಚ್ಚು ಹೇಳಿದೆ ಅನ್ನಿಸಿರಬೇಕು, ಕಂಬಿಯಿಂದ ಮುಖ ತಿರುಗಿಸಿಕೊಂಡ.

ಹೊರಗೆ ಜಗಲಿಯ ಕೆಳಗೆ ಗೊಲ್ಲರ ಹಟ್ಟಿಯ ಗಂಡಸರು, ಹೆಂಗಸರು ಕೂತಿದ್ದರು. ಎತ್ತಪ್ಪನ ಹೆಂಡತಿ ಜಯಕ್ಕ ಎದ್ದು ಬಂದು, ಹಟ್ಟಿ ಶನಿವಾರ ಕುರಿ ಹೊಡೆದುಕೊಂಡು ಊರು ಬಿಡುತ್ತದೆ ಎಂದಳು. ಇವತ್ತು ಒಬ್ಬನನ್ನು ಹಿಡಿದರು, ನಾಳೆ ಇನ್ನೊಬ್ಬನನ್ನು ಹಿಡಿಯುತ್ತಾರೆ ಎಂದು ಗಂಡಸರು ಹೆದರಿದ್ದರು. ಅವಳ ದನಿಯಲ್ಲಿ ಬೇಡುವಿಕೆ ಇರಲಿಲ್ಲ. ಹಿಂದೆ ನಿಂತವರ ತೀರ್ಮಾನವನ್ನು ತಿಳಿಸುತ್ತಿದ್ದಳು, ಅಷ್ಟೆ.

ಹಟ್ಟಿ ಹೋದರೆ ಅದರ ಓಟೂ ಹೋದವು. ಆಮೇಲೆ ಕಾವಲು.

ಪಂಚಾಯಿತಿಗೆ ಹತ್ತು ವರ್ಷದಿಂದ ಚುನಾವಣೆ ಆಗಿರಲಿಲ್ಲ. ಈ ಹತ್ತು ವರ್ಷದಲ್ಲಿ ಹೆದ್ದಾರಿಯಲ್ಲಿ ಲಾರಿ ಹೆಚ್ಚಾಗಿದ್ದವು, ಹೆದ್ದಾರಿಗೆ ಅಂಟಿದ ಕಾವಲಿಗೆ ಬೆಲೆ ಬಂದಿತ್ತು. ಕುರಿ ಮೇಯುವ ಸರ್ಕಾರಿ ನೆಲ ಅದು. ಊರಿಗೆ ಅದು ಬೇಡ ಎಂದು ಹೊಸ ಪಂಚಾಯಿತಿ ಒಂದು ಠರಾವು ಮಾಡಿದರೆ ಸಾಕು, ಮಿಕ್ಕದ್ದನ್ನು ಮಾಡಿಸಿಕೊಳ್ಳುವುದು ಚಿತ್ರಲಿಂಗಪ್ಪನಿಗೆ ಗೊತ್ತಿತ್ತು. ಠರಾವು ಮಾಡಲು ಅವನು ಆರಿಸಿಕೊಂಡ ಭಾವಿ ಛೇರ್ಮನ್ ದೊಡ್ಡತಿಮ್ಮಪ್ಪ. ಊರಿನ ದೊಡ್ಡ ರೈತ. ಅವನ ವಿರುದ್ಧ ಅದೇ ಸೀಟಿಗೆ ನಿಂತವನು ಎತ್ತಪ್ಪ.

ಬೆಳಗ್ಗೆ ಚಿತ್ರಲಿಂಗಪ್ಪ ಅಂಬಾಸಿಡರ್‌ನಲ್ಲಿ ಠಾಣೆಗೆ ಬಂದು, ಕೂರಿ ಎನ್ನುವ ಮೊದಲೇ ಕೂತಿದ್ದ. ಬಿಳಿಗಲ್ಲಿನ ನೀರು ಒಗ್ಗಿತೇ ಎಂದು ಊರಿಗೆ ಹೊಸಬನಾದ ಜಂಪಣ್ಣನನ್ನು ಕೇಳಿದ. ನಲವತ್ತರ ಆಸುಪಾಸು, ಜೋರು ಮಾತಿಲ್ಲದ ಮನುಷ್ಯ. ಇಲ್ಲಿ ಬಸ್ ನಿಲ್ದಾಣ, ಬೀದಿ ದೀಪ, ಹೆಣ್ಣುಮಕ್ಕಳ ಹೈಸ್ಕೂಲು ಎಲ್ಲ ಬರುತ್ತದೆ, ನಾಲ್ಕು ಕುರಿಗಳಿಗಾಗಿ ಊರು ಹಿಂದೆ ಬೀಳಬೇಕೇ ಎಂದ. ಎದ್ದು ಹೋಗುವಾಗ, "ಎತ್ತಪ್ಪನ್ನ ಸಂಜೆ ದುರ್ಗಕ್ಕೆ ಕಳಿಸ್ತೀರಲ್ಲ?" ಎಂದು ಅಂಗಡಿಯಲ್ಲಿ ಸಾಮಾನು ಕಟ್ಟಲು ಹೇಳಿದ ಹಾಗೆ ಹೇಳಿದ್ದ.

ಜಂಪಣ್ಣ ಪೇದೆ ಮರುಳಸಿದ್ದಪ್ಪನನ್ನು ಕರೆದು, ಎತ್ತಪ್ಪನ ಕಂಬಳಿ ತರಲು ಹೇಳಿದ.

ಕಂಬಳಿಯ ಅಂಚಿಗೆ ಮಣ್ಣು ಗಟ್ಟಿಯಾಗಿ ಅಂಟಿತ್ತು. ಮರುಳಸಿದ್ದಪ್ಪ ಅದನ್ನು ಕೊಡವಲು ಹೋದ. ಜಂಪಣ್ಣ ಕೈ ಹಿಡಿದ.

"ಬಣ್ಣ ನೋಡು."

"ಕಪ್ಪು ಸಾರ್."

"ಕಾವಲಿನ ಮಣ್ಣು?"

"ಕೆಂಪು. ಬರೀ ಗರಸು." ಮರುಳಸಿದ್ದಪ್ಪ ಒಂದು ಹೆಂಟೆಯನ್ನು ಬೆರಳಲ್ಲಿ ಪುಡಿಮಾಡಿದ. "ಇದು ಎರೆ ಮಣ್ಣು. ಕೆರೆ ಹಿಂದಿನ ಹೊಲ ಬಿಟ್ರೆ ಈ ಸುತ್ತಿನಾಗೆ ಎಲ್ಲೂ ಇಲ್ಲ."

ಎರೆ ಮಣ್ಣು ಒಣಗಿದ್ದಾಗ ಕಂಬಳಿಗೆ ಅಂಟುವುದಿಲ್ಲ. ಮಳೆ ಬಿದ್ದಿರಬೇಕು. ಈ ವರ್ಷ ಬಿಳಿಗಲ್ಲಿಗೆ ಬಿದ್ದಿದ್ದು ಒಂದೇ ಮಳೆ. ಸೋಮವಾರ, ಕತ್ತಲಾದ ಮೇಲೆ.

ಜಂಪಣ್ಣ ಹಿರೇಗುಂಟನೂರಿನ ರೈತರ ಮಗ. ಮುಂಗಾರಿಗೆ ಮೊದಲು ಹೊಲದಲ್ಲಿ ಕುರಿ ತರುಬುವುದನ್ನು ನೋಡಿ ಬೆಳೆದವನು. ಮಂದೆ ರಾತ್ರಿಯೆಲ್ಲ ಹೊಲದಲ್ಲಿ ಮಲಗುತ್ತದೆ, ಹೊಲಕ್ಕೆ ಗೊಬ್ಬರ ಆಗುತ್ತದೆ. ಮರುದಿನ ಪಕ್ಕದ ಪಟ್ಟಿಗೆ ಸರಿಯುತ್ತದೆ. ಕುರಿಯವನಿಗೆ ರಾತ್ರಿ ಊಟ ಹೊಲದವರ ಮನೆಯಿಂದ. ಎತ್ತಪ್ಪ ಅನ್ನ ಹಾಕಿದವರು ಎಂದದ್ದು ಅವರನ್ನೇ. ಮತ್ತೆ, ಹೊಲದ ಯಜಮಾನ ಆ ರಾತ್ರಿ ಮನೆಯಲ್ಲಿ ಮಲಗುವುದಿಲ್ಲ. ಕುರಿ ಪಕ್ಕದವನ ಹೊಲಕ್ಕೆ ಸರಿದರೆ ಗೊಬ್ಬರವೂ ಅಲ್ಲಿಗೇ ಹೋಯಿತಲ್ಲ.

ಹಾಗಿದ್ದರೆ ಎತ್ತಪ್ಪನಿಗೆ ಸಾಕ್ಷಿ ಇದ್ದ.

ಹದಿನೈದು ದಿನದ ಹಿಂದೆ ಚಿತ್ರಲಿಂಗಪ್ಪ ಊರ ರೈತರನ್ನು ಕಟ್ಟೆಯ ಮೇಲೆ ಕೂರಿಸಿ, ಕಾವಲಿನ ತಂಟೆ ಮುಗಿಯುವ ತನಕ ಹಟ್ಟಿಯ ಕುರಿಗಳನ್ನು ಯಾರೂ ಹೊಲಕ್ಕೆ ಬಿಡಬಾರದು ಎಂದು ಮಾತು ತೆಗೆದುಕೊಂಡಿದ್ದ. ಎಲ್ಲರಿಗಿಂತ ಮೊದಲು ಎದ್ದು ನಿಂತು ಮಾತು ಕೊಟ್ಟವನು ದೊಡ್ಡತಿಮ್ಮಪ್ಪ.

"ಕೆರೆ ಹಿಂದಿನ ಎರೆ ಹೊಲ ಯಾರದು?" ಎಂದು ಕೇಳಿದ ಜಂಪಣ್ಣ.

ಮರುಳಸಿದ್ದಪ್ಪನಿಗೆ ನಗು ತಡೆಯಲಾಗಲಿಲ್ಲ. "ಎಲ್ಲಾ ದೊಡ್ಡತಿಮ್ಮಪ್ಪನವರದೇ ಸಾರ್."

*

ಹೊಲದಲ್ಲಿ ಎರಡು ಜೊತೆ ಎತ್ತು ಉಳುತ್ತಿದ್ದವು. ಒಂದು ನೇಗಿಲನ್ನು ಆಳು ಹಿಡಿದಿದ್ದ, ಇನ್ನೊಂದನ್ನು ದೊಡ್ಡತಿಮ್ಮಪ್ಪನೇ. ಓಟು ಕೇಳಲು ಹೊಲಿಸಿದ ಬಿಳಿ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಮುಕ್ಕಾಲು ಹೊಲ ಮಗುಚಿ ಬಿದ್ದಿತ್ತು.

ಜಂಪಣ್ಣ ಬೈಸಿಕಲ್ ಬದುವಿಗೆ ಒರಗಿಸಿ, ಉಳದೆ ಉಳಿದಿದ್ದ ಕಡೆಗೆ ನಡೆದ. ಅಲ್ಲಿ ಕುರಿ ಹಿಕ್ಕೆ ಚೆಲ್ಲಿತ್ತು. ಅರ್ಧ ಭಾಗದಲ್ಲಿ ಅದು ಮಣ್ಣಿನ ಮೇಲೆ ಬಿಡಿಬಿಡಿಯಾಗಿ ಬಿದ್ದಿತ್ತು, ಕಾಲಲ್ಲಿ ತಳ್ಳಿದರೆ ಉರುಳಿತು. ಪಕ್ಕದ ಪಟ್ಟಿಯಲ್ಲಿ ಹಾಗಿರಲಿಲ್ಲ. ಹಿಕ್ಕೆ ಮಣ್ಣಿನೊಳಗೆ ತುಳಿದು ಕೂತಿತ್ತು. ಗೊರಸಿನ ಗುರುತು ಆಳವಾಗಿ ಮೂಡಿ ಒಣಗಿ ಕಲ್ಲಾಗಿತ್ತು. ಮಂದೆ ಆ ಪಟ್ಟಿಯಲ್ಲಿ ಮಳೆಯಲ್ಲಿ ನೆನೆಯುತ್ತ ನಿಂತಿತ್ತು.

ನೇಗಿಲು ಅದೇ ಪಟ್ಟಿಯ ಕಡೆಗೆ ಬರುತ್ತಿತ್ತು.

"ಎತ್ತು ನಿಲ್ಲಿಸ್ರಿ" ಎಂದ ಜಂಪಣ್ಣ.

ದೊಡ್ಡತಿಮ್ಮಪ್ಪ ನಿಲ್ಲಿಸಿದ. ಐವತ್ತು ದಾಟಿದ, ದಪ್ಪ ಮೀಸೆಯ ಆಸಾಮಿ. ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

"ಓಟು ಕೇಳೋದು ಬಿಟ್ಟು ಉಳ್ತಾ ಇದೀರಲ್ಲ."

"ಓಟು ಭಾನುವಾರಕ್ಕೆ ಮುಗೀತದೆ ಸಾಹೇಬ್ರೆ. ಹೊಲ ಇಲ್ಲೇ ಇರ್ತೈತೆ."

"ಸೋಮವಾರ ರಾತ್ರಿ ಇಲ್ಲಿ ಯಾರ ಕುರಿ ಇದ್ದವು?"

"ಕುರಿನಾ?" ದೊಡ್ಡತಿಮ್ಮಪ್ಪ ಕೆಳಗೆ ನೋಡಿದ. ಅವನ ಎರಡೂ ಕಾಲು ಹಿಕ್ಕೆಯ ಮೇಲಿದ್ದವು. ಇಲ್ಲ ಎನ್ನುವಂತಿರಲಿಲ್ಲ. "ಹೊಸದುರ್ಗದ ಕಡೆಯೋರು ಬಂದಿದ್ರು. ಹೆಸರು ಗೊತ್ತಿಲ್ಲ. ಹೋದ್ರು."

ಅಷ್ಟರಲ್ಲಿ ಬದುವಿನ ಮೇಲೆ ಅವನ ಹೆಂಡತಿ ನಿಂಗಕ್ಕ ಬಂದಳು. ತಲೆಯ ಮೇಲೆ ಬುತ್ತಿ ಕುಕ್ಕೆ. ಪೊಲೀಸು ಟೋಪಿ ನೋಡಿ ಅವಳು ಹೆದರಲಿಲ್ಲ, ಅವಸರವನ್ನೂ ಮಾಡಲಿಲ್ಲ. ಕುಕ್ಕೆಯನ್ನು ಜಾಲಿಯ ನೆರಳಿಗೆ ಇಳಿಸಿ ಸಿಂಬಿಯನ್ನು ಕೊಡವಿದಳು.

ಜಂಪಣ್ಣ ಅವಳನ್ನೇ ಕೇಳಿದ. "ತಾಯಿ, ಸೋಮವಾರ ರಾತ್ರಿ ಹೊಸದುರ್ಗದ ಕುರಿಯವರಿಗೆ ಏನು ಅಡುಗೆ ಮಾಡಿದ್ರಿ?"

ಅವಳು ಗಂಡನ ಮುಖ ನೋಡಿದಳು. ಅವನು ಎತ್ತಿನ ಕೊಂಬು ನೋಡುತ್ತಿದ್ದ.

"ಹೊಸದುರ್ಗದೋರು ಯಾರೂ ಬಂದಿಲ್ಲ ಸ್ವಾಮಿ" ಎಂದಳು. "ಎತ್ತಪ್ಪಂಗೆ ಮುದ್ದೆ, ಹುರುಳಿಕಾಳು ಸಾರು ತಂದಿದ್ದೆ. ಎರಡು ಮುದ್ದೆ ಉಂಡ."

"ಲೇ, ನಿನ್ನ ಯಾರು ಕೇಳಿದ್ರು?"

"ಸಾಹೇಬ್ರು ಕೇಳಿದ್ರು."

ಆಳು ಮುಖ ಆ ಕಡೆ ತಿರುಗಿಸಿಕೊಂಡ. ದೊಡ್ಡತಿಮ್ಮಪ್ಪ ಬಾರುಕೋಲನ್ನು ನೆಲಕ್ಕೆ ಊರಿ, ಹೆಂಗಸರಿಗೆ ರಾಜಕೀಯ ತಿಳಿಯುವುದಿಲ್ಲ, ಇವಳು ಬೇರೆ ಯಾವುದೋ ದಿನದ ಮಾತು ಹೇಳುತ್ತಿದ್ದಾಳೆ ಎಂದ. ಹೊಲ ಗೊಬ್ಬರ ಕಂಡು ಮೂರು ವರ್ಷವಾಗಿತ್ತು, ಯಾರೋ ದಾರಿಹೋಕರನ್ನು ಕರೆದೆ ಎಂದ. ಮಾತಾಡಿದಷ್ಟೂ ಅವನ ದನಿ ಏರಿತು. ಜಂಪಣ್ಣ ತಡೆಯಲಿಲ್ಲ. ಕೇಳಬೇಕಾದವಳು ಕೇಳುತ್ತಿದ್ದಳು.

"ಸಾಕು ಬಿಡ್ರಿ" ಎಂದಳು ನಿಂಗಕ್ಕ. "ಅವನು ಒಳಗೆ ಕುಂತು ನಿಮ್ಮ ಹೆಸರು ಹೇಳ್ಲಿಲ್ಲ. ನಿಮಗೆ ಹೊರಗೆ ನಿಂತು ಅವನ ಹೆಸರು ಹೇಳಕ್ಕೆ ಆಗವಲ್ದು. ಛೇರ್ಮನ್ ಆಗ್ತಾರಂತೆ."

ದೊಡ್ಡತಿಮ್ಮಪ್ಪ ಟವೆಲಿನಿಂದ ಮತ್ತೆ ಕುತ್ತಿಗೆ ಒರೆಸಿಕೊಂಡ.

"ನೀವು ಹೋಗದಿದ್ರೆ ನಾನು ಹೋಗ್ತೀನಿ. ಮುದ್ದೆ ಕಟ್ಟಿದ್ದು ನಾನು. ನನಗೇನು, ನಾನು ಯಾವ ಎಲೆಕ್ಷನ್ನಿಗೂ ನಿಂತಿಲ್ಲ."

ಎತ್ತೊಂದು ತಲೆ ಕೊಡವಿತು. ದೊಡ್ಡತಿಮ್ಮಪ್ಪ ಬಾರುಕೋಲನ್ನು ಆಳಿನ ಕೈಗೆ ಕೊಟ್ಟು ಜಾಲಿಯ ಕೆಳಗೆ ಹೋಗಿ ಕೂತ. ಕುಕ್ಕೆ ಮುಂದೆಯೇ ಇದ್ದರೂ ಕೈ ಹಾಕಲಿಲ್ಲ.

"ಕುಂತ್ಕಳ್ರಿ ಸಾಹೇಬ್ರೆ" ಎಂದ. "ಹೇಳ್ತೀನಿ."

ಆ ರಾತ್ರಿ ಇಬ್ಬರೂ ಹೊಲದ ಗುಡಿಸಲಿನಲ್ಲಿ ಕೂತಿದ್ದರು. ಮಳೆ ಬಂದಾಗ ಎತ್ತಪ್ಪನ ಕಂಬಳಿಯನ್ನೇ ಇಬ್ಬರೂ ಹೊದ್ದರು. ಬೀಡಿ ಹಂಚಿಕೊಂಡು ಭಾನುವಾರ ಯಾರು ಗೆಲ್ಲುತ್ತಾರೆ ಎಂದು ಲೆಕ್ಕ ಹಾಕಿದರು. ಎತ್ತಪ್ಪ, ತಾನು ಗೆದ್ದರೆ ಇವು ಛೇರ್ಮನ್ನರ ಕುರಿ, ಊಟದ ಜೊತೆ ಎಲೆ ಅಡಿಕೆಯನ್ನೂ ಕೊಡಬೇಕಾಗುತ್ತದೆ ಎಂದು ನಗಿಸಿದ್ದ. ಮಳೆ ನಿಂತು ಬಹಳ ಹೊತ್ತಾದ ಮೇಲೆ ದಿಬ್ಬದ ಮೇಲೆ, ಕಾವಲಿನಲ್ಲಿ, ಬೆಳಕು ಕಂಡಿತು.

"ಅವನು ಎದ್ದ. ಓಡಿ ಹೋಗಿ ಆರಿಸಾಣ ಬಾರಣ್ಣ ಅಂದ. ನಾನೇ ಹಿಡ್ಕಂಡೆ." ದೊಡ್ಡತಿಮ್ಮಪ್ಪ ತನ್ನ ಬಲಗೈಯನ್ನು ಮುಂದೆ ಚಾಚಿದ. "ಇಬ್ರೂ ಒಟ್ಟಿಗೆ ಓಡಿ ಬಂದ್ರೆ ಎಲ್ಲಿಂದ ಬಂದ್ರಿ ಅಂತ ಊರು ಕೇಳ್ತದೆ ಅಂದೆ. ನನ್ನ ಮರ್ಯಾದೆ ಉಳ್ಸು ಅಂದೆ. ಕುಂತ."

"ಅಲ್ಲಿ ಯಾರಿದ್ದರು?"

"ಒಬ್ನೇ. ಕಾಲು ಎಳ್ಕಂಡು ಬೆಂಕಿ ಸುತ್ತ ಓಡಾಡ್ತಿದ್ದ. ಶಿವಯ್ಯ."

ಜಂಪಣ್ಣ ಬಗ್ಗಿ ಕೂತ. "ಬೆಂಕಿ ಹತ್ತಿದ ಮೇಲೂ ಶಿವಯ್ಯ ಓಡಾಡ್ತಿದ್ದನಾ?"

"ಹೂಂ. ಕೂಗಲಿಲ್ಲ, ಕರೀಲಿಲ್ಲ. ಆಮೇಲೆ ಕೈ ಕಟ್ಕಂಡು ನಿಂತ್ಕಂಡ."

ಜಂಪಣ್ಣನಿಗೆ ಮಂಗಳವಾರ ಬೆಳಗ್ಗೆ ಕಂಡ ಒಂದು ಮಂಚ ನೆನಪಾಯಿತು. ಸುಟ್ಟ ಶೆಡ್ಡಿನಿಂದ ದೂರದಲ್ಲಿ ಹೊಂಗೆ ಮರದ ಕೆಳಗೆ ಇತ್ತು. ಮಂಚದ ಮೇಲೆ ಶಿವಯ್ಯನ ಹಾಸಿಗೆ ಸುತ್ತಿಟ್ಟಿತ್ತು, ಪಕ್ಕದಲ್ಲಿ ಅವನ ತಗಡಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಪ್ಪಲಿ. ಬೆಂಕಿಯಿಂದ ಹೊರಗೆಳೆದ ಸಾಮಾನು ಅಷ್ಟು ಒಪ್ಪವಾಗಿ ಇರುವುದಿಲ್ಲ. ಮಳೆಗೆ ನೆನೆದ ಶೆಡ್ಡು ಸೀಮೆಎಣ್ಣೆ ಇಲ್ಲದೆ ಹತ್ತುವುದೂ ಇಲ್ಲ.

ಶಿವಯ್ಯ ಮೊದಲು ಮಂಚವನ್ನು ಹೊರಗೆ ತಂದಿದ್ದ. ಆಮೇಲೆ ಬೆಂಕಿ ಇಟ್ಟಿದ್ದ. ಇಡಲು ಹೇಳಿದವರು ಆಮೇಲೆ ಬಂದು ಅವನ ತಲೆಗೆ ಹೊಡೆದಿದ್ದರು. ಬರೀ ಶೆಡ್ಡು ಸುಟ್ಟರೆ ಎತ್ತಪ್ಪನಿಗೆ ಜಾಮೀನು ಸಿಗುತ್ತದೆ. ಕಾವಲುಗಾರ ಸತ್ತರೆ ಸಿಗುವುದಿಲ್ಲ.

"ಬುತ್ತಿ ಬಿಚ್ಚಿ" ಎಂದ ಜಂಪಣ್ಣ. "ಉಂಡು ಹೋಗಾಣ."

ದೊಡ್ಡತಿಮ್ಮಪ್ಪ ಉಂಡ. ಸೋಮವಾರದಿಂದ ಈಚೆಗೆ ಇವತ್ತೇ ನೆಟ್ಟಗೆ ಉಂಡದ್ದು ಎಂದು ನಿಂಗಕ್ಕ ಜಂಪಣ್ಣನಿಗೆ ಹೇಳಿದಳು. ಗಂಡನಿಗೆ ಕೇಳಿಸುವ ಹಾಗೆಯೇ ಹೇಳಿದಳು.

*

ಠಾಣೆಯಲ್ಲಿ ಹೇಳಿಕೆ ಬರೆಸುವಾಗ ದೊಡ್ಡತಿಮ್ಮಪ್ಪ ಎರಡು ಸಲ ನೀರು ಕೇಳಿದ. ಕೊನೆಗೆ ಸಹಿ ಹಾಕಿದ. ಜಂಪಣ್ಣ ಎತ್ತಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡು ಅವನನ್ನು ಬಿಡುಗಡೆ ಮಾಡಿದ. ಮೇಲಿನ ಸಾಹೇಬರಿಗೆ ಏನು ಹೇಳುವುದು ಎಂದು ಇನ್ನೂ ಯೋಚಿಸಿರಲಿಲ್ಲ.

ಕಂಬಿಯಿಂದ ಹೊರಗೆ ಬಂದ ಎತ್ತಪ್ಪ ಎದುರಾಳಿಯನ್ನು ನೋಡಿ, "ಯಾಕಣ್ಣ ಬರಕ್ಕೋದೆ?" ಎಂದ. ದೊಡ್ಡತಿಮ್ಮಪ್ಪ, ಹೆಂಡತಿ ಮನೆಯಲ್ಲಿ ಇರಲು ಬಿಡಲಿಲ್ಲ ಎಂದ.

ರಸ್ತೆಯ ಆಚೆ ಅಂಬಾಸಿಡರ್ ನಿಂತಿತ್ತು. ಚಿತ್ರಲಿಂಗಪ್ಪ ಗಾಜು ಇಳಿಸಿ ದೊಡ್ಡತಿಮ್ಮಪ್ಪನನ್ನು ಹತ್ತಿರ ಕರೆದ. ಬೈಯಲಿಲ್ಲ. ಕುರಿ ಹಿಕ್ಕೆಗೆ ಛೇರ್ಮನ್‌ಗಿರಿ ಮಾರಿಕೊಂಡ ಮೊದಲನೆಯವನು ನೀನು ಎಂದು ನಕ್ಕ. ಕಾರು ಹೊಸದುರ್ಗದ ರಸ್ತೆಗೆ ತಿರುಗಿತು.

ಜಂಪಣ್ಣ ಮರುಳಸಿದ್ದಪ್ಪನನ್ನು ಚಿತ್ರದುರ್ಗದ ಬಸ್ಸಿಗೆ ಹತ್ತಿಸಿದ. ಶಿವಯ್ಯನ ಮಂಚದ ಪಕ್ಕ ಕೂತಿರಬೇಕು, ನೋಡಲು ಬಂದವರ ಮುಖ ನೆನಪಿಡಬೇಕು, ಅವನಿಗೆ ಹೊರಗಿನ ಹಾಲು, ಹಣ್ಣು ಏನನ್ನೂ ಕೊಡಲು ಬಿಡಬಾರದು ಎಂದು ಹೇಳಿ ಕಳಿಸಿದ.

ಆಮೇಲೆ ಎಲ್ಲರೂ ಹಟ್ಟಿಗೆ ನಡೆದರು, ಜಂಪಣ್ಣನೂ ಜೊತೆಗೆ ಹೋದ. ಎತ್ತಪ್ಪ ಮುಂದೆ, ಜಯಕ್ಕ ಪಕ್ಕದಲ್ಲಿ. ದೊಡ್ಡತಿಮ್ಮಪ್ಪನೂ ಹಿಂದೆ ಬಂದ. ಊರೊಳಗೆ ಹೋಗಲು ಅವನಿಗೆ ಆಗ ಮನಸ್ಸಿರಲಿಲ್ಲ. ಯಾರೋ ಏನೋ ಹೇಳಿದರು, ನಗು ಬಂತು. ಶನಿವಾರ ಊರು ಬಿಡುವ ಮಾತನ್ನು ಯಾರೂ ಎತ್ತಲಿಲ್ಲ.

ಹಟ್ಟಿಯ ಕಾರೆಮುಳ್ಳಿನ ಬೇಲಿಯ ಮುಂದೆ ಎತ್ತಪ್ಪನ ತಾಯಿ ಜುಂಜಮ್ಮ ಕೂತಿದ್ದಳು. ಗಂಡಸರೆಲ್ಲ ಠಾಣೆಗೆ ಹೋದದ್ದರಿಂದ ಬೆಳಗ್ಗೆ ಕುರಿಗಳನ್ನು ಹೊಡೆದುಕೊಂಡು ಹೋದವಳು ಅವಳೇ. ಮಗನನ್ನು ನೋಡಿ ಅವಳು ಏಳಲಿಲ್ಲ.

ಮಧ್ಯಾಹ್ನ ಕಾವಲಿಗೆ ಒಂದು ಲಾರಿ ಬಂದಿತ್ತು. ಬಿಳಿ ಕೋಟಿನವರು ಮೂವರು. ಸರ್ಕಾರದ ಸೂಜಿ, ರೋಗ ಬರದ ಹಾಗೆ ಹಾಕುತ್ತೇವೆ, ಸಂಜೆಗೆ ತಂದು ಬಿಡುತ್ತೇವೆ ಎಂದರು. ಹೋದ ವರ್ಷ ನಿಜವಾದ ಡಾಕ್ಟರೂ ಹಾಗೆಯೇ ಬಿಳಿ ಕೋಟು ಹಾಕಿಕೊಂಡು ಬಂದಿದ್ದರು. ಅವಳೇ ಕೂಗಿ ಕೂಗಿ ಕುರಿಗಳನ್ನು ಲಾರಿಗೆ ಹತ್ತಿಸಿದ್ದಳು. ಲಾರಿ ತುಂಬಿದ್ದರಿಂದ ಅರ್ಧ ಮಂದೆ ಉಳಿದಿತ್ತು.

ಹುಡುಗರು ಗುಡಿಸಲಿಗೆ ನುಗ್ಗಿ ದೊಣ್ಣೆ ತಂದರು. ಕುರಿ ಕಳೆದರೆ ಹಟ್ಟಿಯ ಗಂಡಸರೆಲ್ಲ ಹೊರಡುವುದು ಅವರ ರೂಢಿ. ಊರೂರು ತಿರುಗಿ, ಸಂತೆ ಸಂತೆ ನೋಡಿ, ಸಿಗುವ ತನಕ ಹಿಂದಿರುಗುವುದಿಲ್ಲ. ವಾರವಾಗಲಿ, ತಿಂಗಳಾಗಲಿ.

ಜಂಪಣ್ಣನಿಗೆ ಆಗ ತಿಳಿಯಿತು. ಎತ್ತಪ್ಪನಿಗೆ ಇನ್ನೂ ಮೊದಲೇ ತಿಳಿದಿತ್ತು.

"ನಿಂತ್ಕಳ್ರಿ" ಎಂದ ಎತ್ತಪ್ಪ. "ಆ ಲಾರಿ ಕುರಿಗೆ ಬಂದಿದ್ದಲ್ಲ. ಭಾನುವಾರ ನಾವ್ಯಾರೂ ಇಲ್ಲಿ ಇರಬಾರ್ದು ಅಂತ ಬಂದಿದ್ದು."

"ಹಂಗಂತ ಕುರಿ ಬಿಡಾಣಾ?" ಎಂದ ಒಬ್ಬ ಮುದುಕ.

"ಓಟು ಹಾಕಿ ಹೊರಡಾಣ. ಅಲ್ಲಿಗಂಟ ಸಾಹೇಬ್ರು ಹುಡುಕ್ತಾರೆ."

"ಪೊಲೀಸ್ನೋರು ಕುರಿ ಹುಡುಕಿದ್ದು ಯಾವತ್ತು ನೋಡಿದ್ದೆಯಪ್ಪ ನೀನು?"

ಅದಕ್ಕೆ ಜಂಪಣ್ಣ, ನಾಳೆ ಬೆಳಗ್ಗೆ ಹೊಸದುರ್ಗ, ಹೊಳಲ್ಕೆರೆ ಎರಡೂ ಕಡೆ ತಾನೇ ಹೋಗುತ್ತೇನೆ ಎಂದ. ಹುಡುಗರು ದೊಣ್ಣೆ ಕೆಳಗಿಡಲಿಲ್ಲ.

ದೊಡ್ಡತಿಮ್ಮಪ್ಪ ಗಂಟಲು ಸರಿ ಮಾಡಿಕೊಂಡ. ಉಳಿದ ಕುರಿಗಳನ್ನು ತನ್ನ ಹೊಲದಲ್ಲಿ ತರುಬಬಹುದು, ಭಾನುವಾರದ ತನಕ ತಾನೂ ಕಾಯುತ್ತೇನೆ, ತನ್ನ ಇಬ್ಬರು ಆಳುಗಳೂ ಇರುತ್ತಾರೆ ಎಂದ.

"ಗೊಬ್ಬರಕ್ಕಾ?" ಎಂದಳು ಜಯಕ್ಕ.

"ಗೊಬ್ಬರಕ್ಕೂ ಕಣಮ್ಮ."

ಮುದುಕ ಮೊದಲು ನಕ್ಕ. ಆಮೇಲೆ ಹುಡುಗರಲ್ಲಿ ಒಬ್ಬ ದೊಣ್ಣೆಯನ್ನು ಬೇಲಿಗೆ ಒರಗಿಸಿದ. ಉಳಿದವರು ಇನ್ನೂ ಹಿಡಿದುಕೊಂಡೇ ಎತ್ತಪ್ಪನ ಮುಖ ನೋಡುತ್ತಿದ್ದರು.

ಜಂಪಣ್ಣ ದೂರು ಬರೆದುಕೊಳ್ಳಲು ಕೂತ. ಎಷ್ಟು ಹೋದವು ಎಂದು ಜುಂಜಮ್ಮನನ್ನು ಕೇಳಿದ. ಅವಳು ಬೆರಳು ಮಡಚಿ ಒಂದೊಂದನ್ನೂ ಅದರ ಬಣ್ಣದಿಂದ ನೆನೆದು ಹೇಳಿದಳು. ಮುಗಿಸುವ ಹೊತ್ತಿಗೆ ಹಟ್ಟಿಯೆಲ್ಲ ಅವಳ ಸುತ್ತ ಬಂದು ಕೂತಿತ್ತು.

ನಲವತ್ತೊಂದು ಕುರಿ, ಆರು ಆಡು, ಒಂದು ಟಗರು.